ಟೇಮ್ ಇಂಪಾಲದ ‘ಡೆಡ್‌ಬೀಟ್’: ಗಿಟಾರ್ ಎಲ್ಲಿಗೆ ಹೋಯ್ತು ಮಾರಾಯ್ರೆ?

ಬಿಜೈ ಬಾಸ್‌ಲೈನ್
ಮಂಗಳೂರು, ಉಡುಪಿ ಕಡೆ ಆಸ್ಟ್ರೇಲಿಯಾದ ಟೇಮ್ ಇಂಪಾಲ ಬ್ಯಾಂಡಿನ ಹಾಡು ಕೇಳುವವರು ನಾಲ್ಕೈದು ಜನ ಆದ್ರೂ ಇದ್ದೀರಿ ಅಂತ ಗೊತ್ತುಂಟು, ಅದಕ್ಕೇ ಇಲ್ಲಿ ಹಾಕಿದ್ದು. 2025ರ ಅಕ್ಟೋಬರ್ 17ಕ್ಕೆ ಬಂದ ಅವರ ಆಲ್ಬಂ ‘ಡೆಡ್‌ಬೀಟ್’ ಉಂಟಲ್ಲ, ಅದರ ತಲೆಬುಡ ನಂಗೆ ಇನ್ನೂ ಹಿಡೀಲಿಲ್ಲ. ಐದು ವರ್ಷ ಕಾದದ್ದು ಇದಕ್ಕಾ ಅಂತ ಒಮ್ಮೆ ಅನ್ನಿಸ್ತದೆ, ಅಷ್ಟೆಲ್ಲ ಬೈಯುವಂಥದ್ದು ಎಂತ ಉಂಟು ಅಂತ ಇನ್ನೊಮ್ಮೆ.

ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳ್ತೇನೆ. ‘ಇನ್ನರ್‌ಸ್ಪೀಕರ್’ (2010), ‘ಲೋನರಿಸಂ’ (2012) ಎರಡೂ ಗಿಟಾರ್ ಆಲ್ಬಂಗಳು. ಗಿಟಾರ್ ಸದ್ದನ್ನು ಒರಟು ಮಾಡುವ ಫಝ್, ಸುಳಿ ಸುತ್ತಿಸುವ ಫೇಸರ್, ಅರವತ್ತರ ದಶಕದ ಅಮಲಿನ ಸಂಗೀತದ (ಸೈಕೆಡೆಲಿಕ್) ವಾಸನೆ. 2015ರ ‘ಕರೆಂಟ್ಸ್’ನಲ್ಲಿ ಗಿಟಾರ್ ಹಿಂದೆ ಸರಿದು ಸಿಂಥ್ (ಎಲೆಕ್ಟ್ರಾನಿಕ್ ಕೀಬೋರ್ಡ್) ಮುಂದೆ ಬಂತು. 2020ರ ‘ದಿ ಸ್ಲೋ ರಶ್’ನಲ್ಲಿ ಡಿಸ್ಕೊ, ಸಾಫ್ಟ್ ರಾಕ್ ಎಲ್ಲ ಸೇರಿತು. ಈಗ ನೋಡಿದ್ರೆ ಸೀದಾ ಹೌಸ್, ಟೆಕ್ನೊ ಅನ್ನುವ ಡಾನ್ಸ್ ಕ್ಲಬ್ಬಿನ ಮೆಷಿನ್ ಸಂಗೀತ. ಧಬ್ ಧಬ್ ಧಬ್ ಧಬ್. ಕೊನೆಯ ಹಾಡು ‘ಎಂಡ್ ಆಫ್ ಸಮ್ಮರ್’ ಏಳು ನಿಮಿಷದ ಮೇಲುಂಟು, ಅದರಲ್ಲಿ ಗಿಟಾರ್ ಹುಡುಕ್ಲಿಕ್ಕೆ ಟಾರ್ಚ್ ಬೇಕು.

ಪ್ರಶ್ನೆ ಇಷ್ಟೇ: ಈ ಬ್ಯಾಂಡ್ ಬೆಳೀತಾ ಉಂಟಾ, ಇಲ್ಲ ಕೈಯಲ್ಲಿದ್ದ ವಿದ್ಯೆ ಬಿಟ್ಟು ಕೂತಿದೆಯಾ?

ಪುಳಿಮುಂಚಿ
ಬ್ಯಾಂಡ್ ಅಲ್ಲ. ಒಬ್ಬನೇ ಜನ.

ಬಿಜೈ ಬಾಸ್‌ಲೈನ್
ಗೊತ್ತುಂಟು ಮಾರಾಯ. ಪೋಸ್ಟರಲ್ಲಿ ಬ್ಯಾಂಡಿನ ಹೆಸರು, ಸ್ಟೇಜಲ್ಲಿ ಐದಾರು ಜನ. ನಾನು ಬ್ಯಾಂಡ್ ಅಂತಲೇ ಹೇಳುವುದು.

ಬೆಂಗ್ಳೂರಲ್ಲಿರುವ ಸುರತ್ಕಲ್
ಪುಳಿಮುಂಚಿ ಹೇಳಿದ್ದನ್ನು ಅಷ್ಟು ಸುಲಭಕ್ಕೆ ಬದಿಗೆ ಹಾಕ್ಬೇಡಿ, ಉತ್ತರ ಅಲ್ಲೇ ಉಂಟು. ಕೆವಿನ್ ಪಾರ್ಕರ್, ಆಸ್ಟ್ರೇಲಿಯಾದ ಪರ್ತ್‌ನವ. ಸ್ಟುಡಿಯೋದಲ್ಲಿ ಬರೆಯುವುದು, ಬಾರಿಸುವುದು, ಹಾಡುವುದು, ರೆಕಾರ್ಡ್ ಮಾಡುವುದು ಹೆಚ್ಚುಕಮ್ಮಿ ಎಲ್ಲ ಅವನೇ. ಮೊದಲೆರಡು ಆಲ್ಬಂಗೆ ಮಿಕ್ಸಿಂಗ್ (ಎಲ್ಲ ವಾದ್ಯದ ಸದ್ದು ಹದವಾಗಿ ಬೆರೆಸುವುದು) ಮಾಡಿದ್ದು ಡೇವ್ ಫ್ರಿಡ್ಮನ್. ಕರೆಂಟ್ಸ್‌ನಿಂದ ಅದನ್ನೂ ಇವನೇ ತೆಗೆದುಕೊಂಡ. ಟೂರ್‌ಗೆ ಹೊರಟಾಗ ಮಾತ್ರ ಗೆಳೆಯರು ಸೇರ್ತಾರೆ, ಅದರಲ್ಲಿ ಕೆಲವರು ‘ಪಾಂಡ್’ ಅಂತ ಇನ್ನೊಂದು ಪರ್ತ್ ಬ್ಯಾಂಡಿನವರು.

ನಾಲ್ಕು ಜನರ ಬ್ಯಾಂಡಿನಲ್ಲಿ ಒಬ್ಬ ಹೋಗಿ “ಈ ಸಲ ಡ್ರಮ್ಸ್ ಬೇಡ, ಮೆಷಿನ್ ಇಡುವ” ಅಂತ ಹೇಳಿ ನೋಡಲಿ. ಡ್ರಮ್ಮರ್ ಅದೇ ಕೋಲಲ್ಲಿ ಅವನ ಮಂಡೆಗೆ ಕೊಡ್ತಾನೆ. ಇಲ್ಲಿ ಬೇಡ ಅನ್ಲಿಕ್ಕೆ ಜನವೇ ಇಲ್ಲ. ಅದಕ್ಕೇ ಪ್ರತಿ ಆಲ್ಬಂಗೂ ಸೌಂಡ್ ಇಷ್ಟು ಸಲೀಸಾಗಿ ತಿರುಗುವುದು. ಒಳ್ಳೆಯದಕ್ಕೂ ಅದೇ ಕಾರಣ, ಕೆಟ್ಟದ್ದಕ್ಕೂ ಅದೇ.

ಕೊಟ್ಟಾರ ಚೌಕಿ
ನಾನು ಸೀದಾ ಹೇಳಿಬಿಡ್ತೇನೆ. ಸೋಮಾರಿತನ. 2012ರಲ್ಲಿ ಒಂದು ಹಾಡಿನೊಳಗೆ ಹೊಕ್ಕರೆ ಹೊರಗೆ ಬರ್ಲಿಕ್ಕೆ ದಾರಿ ಸಿಗ್ತಿರ್ಲಿಲ್ಲ, ಪದರದ ಮೇಲೆ ಪದರ. ಈಗ ಒಂದು ಕಿಕ್ (ದೊಡ್ಡ ಡ್ರಮ್ಮಿನ ಪೆಟ್ಟು), ಒಂದು ಬಾಸ್, ಮೇಲಿಂದ ಅವನ ಗಂಟಲು. ಇಂಥದ್ದನ್ನು ನಮ್ಮ ಹಾಲ್‌ಗಳಲ್ಲಿ ಡಿಜೆಗಳು ದಿನಾ ಮಾಡ್ತಾರೆ, ಅವರನ್ನು ಯಾರೂ ಜೀನಿಯಸ್ ಅನ್ನುವುದಿಲ್ಲ.

ಇನ್ನು ಈ ಆಲ್ಬಂನ ‘ಡ್ರಾಕುಲಾ’ ಬಗ್ಗೆ ಮಾತಾಡ್ಲಿಕ್ಕೇ ಹೋಗುವುದಿಲ್ಲ. ರೀಲ್ಸ್‌ಗೆ ಅಂತಲೇ ಹುಟ್ಟಿದ ಹಾಡು.

ತೊಕ್ಕೊಟ್ಟು ತರಂಗ
ಆ ರೀಲ್ಸ್ ಹಾಡಿನಿಂದಲೇ ನಾನು ಈ ಬ್ಯಾಂಡಿಗೆ ಬಂದದ್ದು ಅಣ್ಣ. ಅಲ್ಲಿಂದ ಹಿಂದೆ ಹಿಂದೆ ಹೋಗಿ ಇನ್ನರ್‌ಸ್ಪೀಕರ್ ತನಕ ಕೇಳಿದೆ. ನೀವು ಮುಂದಿನಿಂದ ಹಿಂದಕ್ಕೆ ಕೇಳಿದ್ದಿದ್ರೆ ಇಷ್ಟು ಹೊಟ್ಟೆಯುರಿ ಇರ್ತಿರ್ಲಿಲ್ಲ. ನಂಗೆ ಎಲ್ಲ ಒಂದೇ ಮನುಷ್ಯನ ಕೆಲಸ ಅಂತ ಸ್ಪಷ್ಟ ಕೇಳ್ತದೆ. ಆ ತೇಲುವ ಸ್ವರ, ರಾಗ ಕೆಳಗಿಳಿಯುವ ರೀತಿ, ಸಾಲಿನ ಕೊನೆಯಲ್ಲಿ ಸ್ವಲ್ಪ ಎಳೆದು ಬಿಡುವುದು, ಎಲ್ಲ ಹಾಗೇ ಉಂಟು.

ಪುಳಿಮುಂಚಿ
ಹೊಟ್ಟೆಯುರಿಗೆ ಬೊಂಡ (ಎಳನೀರು) ಒಳ್ಳೆಯದು.

ಮದುವೆ ಕೀಬೋರ್ಡ್
ಡಿಜೆಗಳು ದಿನಾ ಮಾಡ್ತಾರೆ ಅಂದ್ರಲ್ಲ ಚೌಕಿಯವರೆ, ಅದಕ್ಕೆ ನಾನು ಸ್ವಲ್ಪ ಹೇಳಬೇಕು, ಇದು ನನ್ನ ಹೊಟ್ಟೆಪಾಡು.

ರೋಸ್‌ಗೆ (ಕ್ರೈಸ್ತರ ಮದುವೆಯ ಮುಂಚಿನ ಶಾಸ್ತ್ರ), ಮದುವೆಗೆ ಬಾರಿಸುವವ ನಾನು. ನಮ್ಮಲ್ಲಿ ಬೈಲಾ ಅನ್ನುವ ಕುಣಿತದ ಹಾಡು ಬಂತು ಅಂದ್ರೆ ಅಜ್ಜಿಯಿಂದ ಹಿಡಿದು ಮಗುವಿನ ತನಕ ಏಳ್ತಾರೆ. ಆ ತಾಳಕ್ಕೇ ಒಂದು ಓಲಾಟ ಉಂಟು, ಕಾಲು ತಾನಾಗಿ ಹೋಗ್ತದೆ. ಟೆಕ್ನೊ, ಹೌಸ್‌ನಲ್ಲಿ ಆ ಓಲಾಟ ಇಲ್ಲ. ಪ್ರತಿ ಮಾತ್ರೆಗೂ ಒಂದು ಕಿಕ್, ನಾಲ್ಕಕ್ಕೆ ನಾಲ್ಕು. ಅದರಲ್ಲಿ ಜನರನ್ನು ಮೂರು ನಿಮಿಷ ಹಿಡಿಯುವುದು ಸುಲಭ, ಏಳೆಂಟು ನಿಮಿಷ ಹಿಡಿಯುವುದು ಭಯಂಕರ ಕಷ್ಟ. ಯಾಕೆ ಅಂದ್ರೆ ನಿಮ್ಮ ಹತ್ರ ಬದಲಾಯಿಸ್ಲಿಕ್ಕೆ ಎಂತದೂ ಇಲ್ಲ. ಹೈಹ್ಯಾಟ್ (ಡ್ರಮ್ಸಿನ ಜೋಡಿ ತಾಳ) ಎಡೆ ಎಡೆಯಲ್ಲಿ ತರಬೇಕು, ಮಂಕಾದ ಸಿಂಥ್ ಸದ್ದು ಬಿಚ್ಚಿಕೊಳ್ಳುವ ಹಾಗೆ ಅದರ ಫಿಲ್ಟರ್ ಮೆಲ್ಲ ತೆರೀಬೇಕು, ಮತ್ತೆ ಸರಿಯಾದ ಹೊತ್ತಿಗೆ ಕಿಕ್ ತೆಗೆದು ಜನ ಗಾಳಿಯಲ್ಲಿ ನಿಂತಾಗ ವಾಪಸ್ ಬಿಡಬೇಕು. ಒಂದು ಸುತ್ತು ಬೇಗ ಬಿಟ್ರೆ ಪುಸ್. ಒಂದು ಸುತ್ತು ತಡ ಆದ್ರೆ ಜನ ಐಸ್‌ಕ್ರೀಂ ಕೌಂಟರ್‌ಗೆ ಹೋಗಿರ್ತಾರೆ.

ಆ ಲೆಕ್ಕದಲ್ಲಿ ‘ಎಂಡ್ ಆಫ್ ಸಮ್ಮರ್’ ಒಳ್ಳೆ ಕೆಲಸ. ಕಿಕ್ ಬಿದ್ದಾಗಲೆಲ್ಲ ಉಳಿದ ಸದ್ದು ಒಮ್ಮೆ ಒಳಗೆಳೆದುಕೊಂಡು ಮತ್ತೆ ಏಳುವುದು ಕೇಳಿದ್ದೀರಾ? ಒಳ್ಳೆ ಹೆಡ್‌ಫೋನ್ ಹಾಕಿ ಕೇಳಿ. ‘ಎಥೀರಿಯಲ್ ಕನೆಕ್ಷನ್’ ಮಾತ್ರ ನನಗೆ ಉದ್ದ ಆಯ್ತು. ಏರಿಸ್ಲಿಕ್ಕೆ ಅವನಿಗೆ ಗೊತ್ತುಂಟು, ಇಳಿಸ್ಲಿಕ್ಕೆ ಮನಸ್ಸಿಲ್ಲ.

ಬಿಜೈ ಬಾಸ್‌ಲೈನ್
ಐಸ್‌ಕ್ರೀಂ ಕೌಂಟರ್ ಲೆಕ್ಕ ಚೆನ್ನಾಗುಂಟು. ಆದ್ರೆ ನಾನು ಇದನ್ನು ಮನೆಯಲ್ಲಿ ಕೂತು ಕೇಳುವುದಲ್ವಾ? ಡಾನ್ಸ್ ಫ್ಲೋರ್‌ಗೆ ಮಾಡಿದ್ದನ್ನು ಕೋಣೆಯಲ್ಲಿ ಕೇಳಿ ಅಂತ ಕೊಟ್ರೆ ಹೇಗೆ?

ಎಕ್ಸ್‌ಪ್ರೆಸ್ ಹಿಂದಿನ ಸೀಟು
ಕೋಣೆಯಲ್ಲಿ ಕೇಳಿದ್ರೆ ಆಗುವುದಿಲ್ಲ. ನಾನು ಇದನ್ನು ಉಡುಪಿಯಿಂದ ಮಂಗಳೂರಿಗೆ ಬರುವ ಬಸ್ಸಲ್ಲಿ ಇಯರ್‌ಫೋನ್ ಹಾಕಿ ಕೇಳಿದ್ದು. ಕಾಪು ದಾಟುವಾಗ ಶುರು ಮಾಡಿದ್ದು, ಪಡುಬಿದ್ರಿ ಬರುವಷ್ಟರಲ್ಲಿ ನಾನೂ ಬಸ್ಸೂ ಒಂದೇ ತಾಳಕ್ಕೆ ಹೋಗ್ತಿದ್ದೆವು. ಅಷ್ಟರಲ್ಲಿ ಡ್ರೈವರ್ ತನ್ನ ಹಳೇ ಹಿಂದಿ ಹಾಡು ಹಾಕಿದ. ನನ್ನ ಸೀಟಿನ ಅಡಿಯಲ್ಲೇ ಸಬ್‌ವೂಫರ್ ಇದ್ದದ್ದು. ಅಲ್ಲಿಗೆ ಕೆವಿನ್ ಕಥೆ ಮುಗೀತು.

ಹಳೇ ಕ್ಯಾಸೆಟ್
ಈ ಜಗಳ ಇವತ್ತಿನದ್ದಲ್ಲ ಮಕ್ಕಳೇ. ಅಮೆರಿಕದ ಜಾನಪದ ಹಾಡುಗಾರ ಬಾಬ್ ಡಿಲನ್ 1965ರಲ್ಲಿ ನ್ಯೂಪೋರ್ಟ್ ಜಾನಪದ ಉತ್ಸವಕ್ಕೆ ಎಲೆಕ್ಟ್ರಿಕ್ ಗಿಟಾರ್ ಹಿಡಿದು ಹೋದಾಗ ಜನ ಕೂಗಾಡಿದ್ರು. ಮರುವರ್ಷ ಮ್ಯಾಂಚೆಸ್ಟರ್‌ನಲ್ಲಿ ಸಭೆಯ ನಡುವಿನಿಂದ ಒಬ್ಬ ಅವನನ್ನು “ಜುದಾಸ್!” (ಯೇಸುವಿಗೆ ದ್ರೋಹ ಮಾಡಿದವ) ಅಂತ ಕರೆದ. ಅಂದ್ರೆ ಆಗ ಗಿಟಾರ್ ಬಂತು ಅಂತ ಸಿಟ್ಟು, ಈಗ ಗಿಟಾರ್ ಹೋಯ್ತು ಅಂತ ಸಿಟ್ಟು. ಗಿಟಾರ್ ಬ್ಯಾಂಡ್ ರೇಡಿಯೊಹೆಡ್‌ನವರ, ಗಿಟಾರ್ ಹಿಂದೆ ಸರಿದ ‘ಕಿಡ್ ಎ’ ಆಲ್ಬಂ 2000ದಲ್ಲಿ ಬಂದಾಗಲೂ ಇದೇ ರಾಗ. ಈಗ ಅದನ್ನು ತಲೆ ಮೇಲೆ ಹೊತ್ತು ಮೆರೆಸ್ತಾರೆ.

ಅಷ್ಟು ದೂರ ಯಾಕೆ, ನಮ್ಮಲ್ಲೇ ನೋಡಿ. ಕಾಳಿಂಗ ನಾವಡರು ಯಕ್ಷಗಾನದ ಭಾಗವತಿಕೆಗೆ (ಹಾಡುಗಾರಿಕೆ) ಹೊಸ ರಾಗ, ಹೊಸ ಧಾಟಿ ತಂದಾಗ “ಇದೆಂತ ಸಿನಿಮಾ ಪದ್ಯದ ಹಾಗೆ” ಅಂತ ಮೂಗು ಮುರಿದ ಹಿರಿಯರನ್ನು ನಾನೇ ಉಡುಪಿಯಲ್ಲಿ ಕಂಡಿದ್ದೇನೆ. ಅದೇ ಜನ ಆಮೇಲೆ ಅವರ ಪದ್ಯದ ಕ್ಯಾಸೆಟ್ಟಿಗೆ ಅಂಗಡಿ ಅಂಗಡಿ ಅಲೆದದ್ದು.

ಕುಂದಾಪ್ರ ಹೈದ
ಹ್ವಾಯ್, ನಾವಡ್ರ ಹೆಸ್ರ್ ತೆಗ್ದ್ ಮೇಲೆ ಸುಮ್ನೆ ಕೂಕಂಬುಕೆ ಆತಿಲ್ಲೆ! ನಮ್ಮ್ ಗುಂಡ್ಮಿಯವ್ರ್ ಮಾರ್ರೆ. ಸಾಲಿಗ್ರಾಮ ಮೇಳದಂಗೆ ಅವ್ರ್ ಪದ ಹೇಳ್ರೆ ವೇಷ ಕಾಂಬುಕೆ ಅಲ್ಲ, ಭಾಗ್ವತ್ರನ್ನ ಕೇಂಬುಕೆ ಅಂದೇಳಿ ಜನ ಬಪ್ಪುದು. 1990ರಗೆ ರಸ್ತೆ ಅಪಘಾತದಂಗೆ ಹೋದ್ರ್, ಬರೀ ಸಣ್ಣ್ ಪ್ರಾಯ. ಇವತ್ತಿಗೂ ಬಡಗಿನ ಭಾಗ್ವತ್ರ್ ಬಾಯ್ ತೆಗ್ದ್ರೆ ಎಲ್ಲೋ ಒಂದ್ಕಡೆ ನಾವಡ್ರ ಎಳೆ ಕೇಂತ್.

ಈ ಟೇಮ್ ಯಾರ್ ಅಂದ್ ನಂಗ್ ಗೊತ್ತಿಲ್ಲೆ. ತಮ್ಮ ಕಳ್ಸ್‌ದ ಅಂದೇಳಿ ಬಂದದ್ದ್ ಇಲ್ಲಿಗೆ.

ಕೊಟ್ಟಾರ ಚೌಕಿ
ಹಳೇ ಕ್ಯಾಸೆಟ್ ಮಾವನವರೆ, ಹೋಲಿಕೆ ಕೇಳ್ಲಿಕ್ಕೆ ಚಂದ, ಆದ್ರೆ ಕೂಡಿ ಬರುವುದಿಲ್ಲ. ನಾವಡರು ಬದಲಾಯಿಸಿದ್ದು ರಾಗ, ಧಾಟಿ. ತಾಳ ಅದೇ, ಚಂಡೆ ಮದ್ದಳೆ ಅದೇ, ಪ್ರಸಂಗದ ಛಂದಸ್ಸು ಅದೇ. ಚೌಕಟ್ಟು ಮುಟ್ಟದೆ ಅದರೊಳಗೆ ಆಟ ಆಡಿದ್ದಕ್ಕೇ ಅದು ನಿಂತದ್ದು. ಈ ಜನ ಚೌಕಟ್ಟನ್ನೇ ಕಿತ್ತು ಬಿಸಾಡಿದ್ದಾನೆ. ಗಿಟಾರ್ ತೆಗೆದ ಮೇಲೆ ಟೇಮ್ ಇಂಪಾಲದಲ್ಲಿ ಉಳಿಯುವುದೆಂತ?

ಎಂಡ್ ಪಾಯಿಂಟ್ ಮಣಿಪಾಲ
ಚೌಕಿ, ಮಾತು ಈಗ ಸರಿಯಾದ ಜಾಗಕ್ಕೆ ಬಂತು. ಚೌಕಟ್ಟು ಯಾವುದು ಅಂತಲೇ ಕೇಳ್ಬೇಕಾದ್ದು. ನನ್ನ ಪ್ರಕಾರ ಟೇಮ್ ಇಂಪಾಲದ ಚೌಕಟ್ಟು ಗಿಟಾರ್ ಯಾವತ್ತೂ ಆಗಿರ್ಲಿಲ್ಲ. ಡ್ರಮ್ಸ್. ಸ್ವಲ್ಪ ಉದ್ದ ಬರೀತೇನೆ, ಸಹಿಸಿಕೊಳ್ಳಿ, ನಾನೂ ಕಾಲೇಜ್ ದಿನಗಳಿಂದ ಡ್ರಮ್ಸ್ ಬಾರಿಸುವವ.

ಪಾರ್ಕರ್ ಹುಡುಗನಾಗಿದ್ದಾಗ ಮೊದಲು ಹಿಡಿದದ್ದೇ ಡ್ರಮ್ ಕೋಲು. ಮೊದಲ ಎರಡು ಆಲ್ಬಂ ಒಮ್ಮೆ ಗಿಟಾರ್ ಕಡೆ ಕಿವಿ ಕೊಡದೆ ಕೇಳಿ. ಡ್ರಮ್ಸ್ ಬೇರೆ ರಾಕ್ ಬ್ಯಾಂಡುಗಳ ಹಾಗೆ ಹಿಂದೆ ಕೂತಿಲ್ಲ, ಎಲ್ಲಕ್ಕಿಂತ ಮುಂದೆ ಬಂದು ಬಾಗಿಲಲ್ಲೇ ನಿಂತಿದೆ. ಆ ಸದ್ದನ್ನು ಕಂಪ್ರೆಸರ್ (ಜೋರಾದ ಸದ್ದನ್ನು ಅದುಮುವ ಉಪಕರಣ) ಹಾಕಿ ಹಿಂಡಿದ್ದಾನೆ. ಅದಕ್ಕೇ ಸ್ನೇರ್ (ಚುರುಕು ಸದ್ದಿನ ಡ್ರಮ್) ಪೆಟ್ಟು ಬಿದ್ದ ಕೂಡಲೇ ಸಿಂಬಲ್‌ನ ಸದ್ದು ಉಸಿರು ಕಟ್ಟಿ ಮತ್ತೆ ಉಬ್ಬಿ ಬರುವುದು. ಹಾಡಿನ ಎಡೆಯಲ್ಲಿ ಟಾಮ್ ಡ್ರಮ್ಮುಗಳ ಮೇಲೆ ಉರುಳಿಸಿಕೊಂಡು ಹೋಗುವ ಫಿಲ್ (ಎಡೆ ತುಂಬುವ ಪೆಟ್ಟುಗಳು) ಉಂಟಲ್ಲ, ಅದು ಪ್ರತಿ ಸಲ ಕೂದಲೆಳೆಯಷ್ಟು ಬೇರೆ. ಒಂದು ಕಡೆ ಕೈ ಸ್ವಲ್ಪ ಮುಂದೆ ಓಡ್ತದೆ, ಇನ್ನೊಂದು ಕಡೆ ಹಿಂದೆ ಬೀಳ್ತದೆ. ಮನುಷ್ಯ ಬಾರಿಸಿದ್ದು ಅಂತ ಗೊತ್ತಾಗುವುದು ಅಲ್ಲಿ.

ಕರೆಂಟ್ಸ್‌ನಲ್ಲಿ ಗಿಟಾರ್ ಹೋಯ್ತು, ನಾವು ಯಾರೂ ಸಾಯ್ಲಿಲ್ಲ. ಯಾಕೆ? ಡ್ರಮ್ಸ್ ಇತ್ತು. ‘ಲೆಟ್ ಇಟ್ ಹ್ಯಾಪನ್’ನ ನಡುವೆ ಸಿಡಿ ಸಿಕ್ಕಿಹಾಕಿಕೊಂಡ ಹಾಗೆ ಒಂದೇ ತುಂಡು ತಿರುಗ್ತದಲ್ಲ, ಅದು ಮಜಾ ಕೊಡುವುದು ಯಾಕೆ ಅಂದ್ರೆ ಅಲ್ಲಿವರೆಗೆ ಬಾರಿಸ್ತಿದ್ದದ್ದು ಕೈ ಅಂತ ನಮ್ಮ ಕಿವಿಗೆ ಗೊತ್ತಿತ್ತು. ಕೈ ನಿಂತು ಮೆಷಿನ್ ಹಿಡಿದಾಗ ಬೆಚ್ಚಿ ಬೀಳ್ತೇವೆ.

ಡೆಡ್‌ಬೀಟ್‌ನಲ್ಲಿ ಶುರುವಿನಿಂದಲೇ ಮೆಷಿನ್. ಹಾಗಾಗಿ ಬೆಚ್ಚಿ ಬೀಳ್ಲಿಕ್ಕೆ ಜಾಗವೇ ಇಲ್ಲ. ನೀವೆಲ್ಲ ಗಿಟಾರ್ ಹೋಯ್ತು ಅಂತ ಅಳ್ತಿದ್ದೀರಿ. ನನ್ನ ದೂರು ಬೇರೆ: ಡ್ರಮ್ಸ್ ಬಾರಿಸುವ ಕೈ ಹೋಯ್ತು.

ಬಿಜೈ ಬಾಸ್‌ಲೈನ್
ಇದು ನಂಗೆ ಹೊಳೆದೇ ಇರ್ಲಿಲ್ಲ. ಈಗ ಲೋನರಿಸಂ ಹಾಕಿದೆ. ಹೌದು ಮಾರಾಯ, ಡ್ರಮ್ಸ್ ಎಷ್ಟು ಮುಂದುಂಟು!

ಮದುವೆ ಕೀಬೋರ್ಡ್
ಎಂಡ್ ಪಾಯಿಂಟ್, ಅರ್ಧ ಒಪ್ತೇನೆ. ಮೆಷಿನ್‌ನಲ್ಲೂ ಕೈ ಇರ್ತದೆ. ಪ್ರತಿ ಪೆಟ್ಟನ್ನು ಎಲ್ಲಿಡಬೇಕು, ಎಷ್ಟು ಜೋರಿಡಬೇಕು ಅಂತ ಕೂತು ಜೋಡಿಸುವವನದ್ದೂ ಕೈಯೇ. ಅದು ನಿಮಗೆ ಕಾಣುವುದಿಲ್ಲ ಅಷ್ಟೇ.

ಎಂಡ್ ಪಾಯಿಂಟ್ ಮಣಿಪಾಲ
ಇರ್ತದೆ. ಇಲ್ಲಿ ಇಟ್ಟಿಲ್ಲ ಅನ್ನುವುದೇ ನನ್ನ ತಕರಾರು.

ತೊಕ್ಕೊಟ್ಟು ತರಂಗ
ಬೇಕಂತಲೇ ಇಟ್ಟಿಲ್ಲ. ಈ ಆಲ್ಬಂ ಬಂದದ್ದು ‘ಬುಷ್ ಡೂಫ್’ ಅನ್ನುವ ಪಾರ್ಟಿಗಳ ಗುಂಗಿನಿಂದ ಅಂತ ಅವನೇ ಹೇಳಿಕೊಂಡಿದ್ದಾನಲ್ಲ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಊರಿಂದ ದೂರ, ಕಾಡು ಬಯಲಲ್ಲಿ ಜನರೇಟರ್, ಸ್ಪೀಕರ್ ಗೋಪುರ ಕಟ್ಟಿ ರಾತ್ರಿ ಬೆಳಗಾಗುವ ತನಕ ಕುಣಿಯುವುದು. ಅಲ್ಲಿ ಒಂದೇ ಪೆಟ್ಟು ಗಂಟೆಗಟ್ಟಲೆ ಹೋಗಬೇಕು, ತಲೆ ಖಾಲಿ ಆಗಬೇಕು. ನಿಮ್ಮ ಟಾಮ್ ಉರುಳಿಸುವ ಫಿಲ್ ಅಲ್ಲಿ ಯಾರಿಗೆ ಬೇಕು?

ಪುಳಿಮುಂಚಿ
ಚಾರ್ಮಾಡಿಯಲ್ಲಿ ಒಂದು ಮಾಡುವ. ರಾತ್ರಿ ಹತ್ತಕ್ಕೆ ಮೈಕ್ ಬಂದ್.

ಹಳೇ ಕ್ಯಾಸೆಟ್
ಆ ಹತ್ತು ಗಂಟೆಯ ನಿಯಮಕ್ಕೆ ಯಕ್ಷಗಾನ ಆಟಗಳೇ ಕಾಲಮಿತಿಗೆ ಬಂದವು, ಇನ್ನು ನಿಮ್ಮ ಟೆಕ್ನೊ ಯಾವ ಲೆಕ್ಕ. ಹಿಂದೆ ಗದ್ದೆಯಲ್ಲಿ ಚಾಪೆ ಹಾಸಿ ಕೂತ್ರೆ ಏಳುವುದು ಬೆಳಿಗ್ಗೆ ಮಂಗಳ ಹಾಡಿದ ಮೇಲೆ. ಎರಡು ಗಂಟೆಗೆ ಕಣ್ಣು ಎಳೆಯುವಾಗ ರಾಕ್ಷಸ ವೇಷ ಬರಬೇಕು, ಚಂಡೆ ಏರಬೇಕು, ಆಗ ಇಡೀ ಸಭೆ ಒಮ್ಮೆಲೇ ಎದ್ದು ಕೂರ್ತದೆ. ಈಗಿನ ಮೂರು ಗಂಟೆಯ ಆಟದಲ್ಲಿ ನಿದ್ದೆಯೂ ಬರುವುದಿಲ್ಲ, ಎಚ್ಚರವೂ ಆಗುವುದಿಲ್ಲ.

ಕುಂದಾಪ್ರ ಹೈದ
ನೂರಕ್ಕ್ ನೂರ್ ಖರೆ.

ಬೆಂಗ್ಳೂರಲ್ಲಿರುವ ಸುರತ್ಕಲ್
ಕಾಲಮಿತಿಯ ಜಗಳ ಬೇರೆ ಕಡೆ ಮಾಡಿ, ಅದಕ್ಕೆ ಕೈ ಹಾಕಿದ್ರೆ ನಾಳೆ ಬೆಳಿಗ್ಗೆಯಾದ್ರೂ ಮುಗಿಯುವುದಿಲ್ಲ.

ತರಂಗ ಹೇಳಿದ್ದಕ್ಕೆ ಒಂದು ಸೇರಿಸ್ತೇನೆ. ಡಾನ್ಸ್ ಕಡೆಗೆ ಅವನ ಓಟ 2025ರಲ್ಲಿ ಇದ್ದಕ್ಕಿದ್ದ ಹಾಗೆ ಶುರುವಾದದ್ದಲ್ಲ. ಕರೆಂಟ್ಸ್ ಹೊತ್ತಿಗೇ ಡಿಸ್ಕೊ ಹಾಡಿನ ತಂಡ ಬೀ ಜೀಸ್ ಕೇಳಿ ಮನಸ್ಸು ತಿರುಗಿತು ಅಂತ ಹೇಳಿದ್ದ. 2016ರಲ್ಲಿ ಪಾಪ್ ಗಾಯಕಿ ರಿಹಾನ ಅದೇ ಆಲ್ಬಂನ ಕೊನೆಯ ಹಾಡನ್ನು ತೆಗೆದು ತನ್ನ ‘ಆಂಟಿ’ ಆಲ್ಬಂನಲ್ಲಿ ಹಾಡಿದಳು, ಹೆಚ್ಚುಕಮ್ಮಿ ಅವನ ಟ್ರ್ಯಾಕ್ ಮೇಲೆಯೇ. 2024ರಲ್ಲಿ ಗಾಯಕಿ ದುವಾ ಲೀಪಳ ಆಲ್ಬಂನಲ್ಲಿ ಬರವಣಿಗೆ, ಪ್ರೊಡಕ್ಷನ್ ಎರಡಕ್ಕೂ ಕೂತ. ಅದೇ ವರ್ಷ ಫ್ರಾನ್ಸ್‌ನ ‘ಜಸ್ಟಿಸ್’ ಜೋಡಿಯ ಜೊತೆ ಮಾಡಿದ ‘ನೆವರೆಂಡರ್’ಗೆ 2025ರಲ್ಲಿ ಡಾನ್ಸ್ ವಿಭಾಗದ ಗ್ರ್ಯಾಮಿಯೂ ಬಂತು. ಹತ್ತು ವರ್ಷದಿಂದ ಮೆಟ್ಟಿಲು ಮೆಟ್ಟಿಲಾಗಿ ಹತ್ತುತ್ತಾ ಬಂದಿದ್ದಾನೆ. ಮೇಲೆ ತಲುಪಿದಾಗ ‘ಅಯ್ಯೋ ಇಲ್ಲಿಗೆ ಹೇಗೆ ಬಂದ’ ಅಂತ ಕೇಳುವುದರಲ್ಲಿ ಅರ್ಥ ಇಲ್ಲ.

ಕೊಟ್ಟಾರ ಚೌಕಿ
ಇಂಗ್ಲೆಂಡಿನ ಗಿಟಾರ್ ಬ್ಯಾಂಡ್ ಆರ್ಕ್ಟಿಕ್ ಮಂಕೀಸ್ ಕೂಡ ಹೀಗೇ ಹಾಳಾದದ್ದು. 2006ರಲ್ಲಿ ಮೊದಲ ಆಲ್ಬಂ ಬಂದಾಗ ಬೆಂಕಿ. 2013ರ ‘ಎಎಂ’ ತನಕವೂ ಸರಿ. 2018ರಲ್ಲಿ ನೋಡಿದ್ರೆ ಚಂದ್ರನ ಮೇಲೆ ಹೋಟೆಲಂತೆ, ಪಿಯಾನೊವಂತೆ. ಅವರ ಹಾಡುಗಾರ ಅಲೆಕ್ಸ್ ಟರ್ನರ್‌ಗೆ ಮೂವತ್ತನೇ ಹುಟ್ಟುಹಬ್ಬಕ್ಕೆ ಮ್ಯಾನೇಜರ್ ಒಂದು ಸ್ಟೈನ್‌ವೇ ಪಿಯಾನೊ ಕೊಟ್ಟದ್ದು, ಅಲ್ಲಿಂದ ಎಲ್ಲ ಕೆಟ್ಟಿತು. ಗಿಟಾರಿಸ್ಟ್‌ಗೆ ಯಾರೂ ಪಿಯಾನೊ ಕೊಡ್ಬಾರ್ದು.

ಬಿಜೈ ಬಾಸ್‌ಲೈನ್
ಹ್ಹಹ್ಹ. ಆದ್ರೆ ಆ ಚಂದ್ರನ ಹೋಟೆಲ್ ನನ್ನ ಇಷ್ಟದ ಆಲ್ಬಂ. ಮೊದಲು ಕೇಳಿದಾಗ ಎಂತ ಸಾವು ಇದು ಅನ್ನಿಸಿತ್ತು, ಮಳೆಗಾಲದ ಒಂದು ರಾತ್ರಿ ಕರೆಂಟಿಲ್ಲದೆ ಕೇಳಿದೆ, ಅಲ್ಲಿಂದ ಅದು ನನ್ನದಾಯ್ತು.

ಪಡುಬಿದ್ರಿ ಪಿಕ್
ಗಿಟಾರ್ ಬಿಟ್ಟದ್ದಕ್ಕೆ ಯಾರನ್ನೂ ಬೈಯ್ಬೇಡಿ. ಕಡಲ ಬದಿಯಲ್ಲಿ ಗಿಟಾರ್ ಸಾಕುವ ಕಷ್ಟ ನಂಗೆ ಗೊತ್ತು. ಮಳೆಗಾಲದಲ್ಲಿ ಹೊಸ ತಂತಿ ಹಾಕಿದ್ರೆ ತಿಂಗಳು ತುಂಬುವುದರೊಳಗೆ ಬೆರಳಿಗೆ ಕಂದು ಪುಡಿ ಹತ್ತುತ್ತದೆ. ತೆಳುವಿನ ಮೂರು ತಂತಿಗೆ ಮೊದಲು ಹಿಡಿಯುವುದು, ಫ್ರೆಟ್‌ನ (ಬೆರಳಿಡುವ ಕಡೆಯ ಲೋಹದ ಪಟ್ಟಿ) ನೇರಕ್ಕೆ ಚುಕ್ಕೆ ಚುಕ್ಕೆ ತುಕ್ಕು. ಮರ ನೀರು ಕುಡಿದು ನೆಕ್ ಬಾಗ್ತದೆ, ತಂತಿ ಎತ್ತರ ಆಗ್ತದೆ, ಒಂದೇ ಬೆರಳಲ್ಲಿ ಎಲ್ಲ ತಂತಿ ಒತ್ತುವ ಬಾರ್ ಕಾರ್ಡ್ ಹಿಡಿದ್ರೆ ಕೈ ನೋವು. ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡುವುದು, ಬಾರಿಸಿ ಆದ ಮೇಲೆ ಒಣ ಬಟ್ಟೆಯಲ್ಲಿ ಒರೆಸುವುದು, ಕೋಟಿಂಗ್ ಇರುವ ತಂತಿ ತರುವುದು. ಇಷ್ಟು ಮಾಡಿದ್ರೂ ಆಟಿ ತಿಂಗಳಲ್ಲಿ ಶ್ರುತಿ ನಿಲ್ಲುವುದಿಲ್ಲ.

ಪಾರ್ಕರ್‌ನೂ ಕಡಲ ಬದಿಯವ. ಇನ್ನರ್‌ಸ್ಪೀಕರ್ ರೆಕಾರ್ಡ್ ಮಾಡಿದ್ದು ಪರ್ತ್‌ನಿಂದ ದಕ್ಷಿಣಕ್ಕೆ, ಸಮುದ್ರಕ್ಕೆ ಮುಖ ಮಾಡಿರುವ ‘ವೇವ್ ಹೌಸ್’ ಎಂಬ ಮನೆಯಲ್ಲಿ. ಆಮೇಲೆ ಅದನ್ನು ಅವನೇ ಕೊಂಡುಕೊಂಡ. ತುಕ್ಕಿನ ಕಾಟ ತಡೀಲಿಕ್ಕಾಗದೆ ಸಿಂಥ್ ಹಿಡಿದಿರ್ಬೇಕು.

ತೊಕ್ಕೊಟ್ಟು ತರಂಗ
ನಮ್ಮದೂ ಅವನದ್ದೂ ಒಂದೇ ಸಮುದ್ರ. ಪಣಂಬೂರಲ್ಲಿ ನಿಂತು ಕೂಗಿದ್ರೆ ಪರ್ತ್‌ಗೆ ಕೇಳ್ಬೇಕು.

ಪುಳಿಮುಂಚಿ
ಪಣಂಬೂರಿನದ್ದು ಅರಬ್ಬಿ ಸಮುದ್ರ.

ತೊಕ್ಕೊಟ್ಟು ತರಂಗ
ಅರಬ್ಬಿ ಸಮುದ್ರ ಹಿಂದೂ ಮಹಾಸಾಗರದ್ದೇ ಭಾಗ. ಪರ್ತ್ ಇರುವುದೂ ಅದೇ ಸಾಗರದ ದಡದಲ್ಲಿ. ಭೂಗೋಳ ಓದಿ ಬನ್ನಿ.

ಕಾರ್‌ಸ್ಟ್ರೀಟ್ ಕಾಮೆಂಟು
ಇಷ್ಟು ಜನ ಇಷ್ಟು ಬರೆದ್ರಿ, ಒಂದೇ ಒಂದು ಕನ್ನಡ ಬ್ಯಾಂಡಿನ ಹೆಸರು ಬರ್ಲಿಲ್ಲ. ರಘು ದೀಕ್ಷಿತ್ 2008ರ ಆಲ್ಬಂನಲ್ಲಿ ಶಿಶುನಾಳ ಶರೀಫರ ಪದ ಹಾಡಿದಾಗಲೂ ಇದೇ ಚರ್ಚೆ ಆಗಿತ್ತು. ತತ್ವಪದಕ್ಕೆ ಗಿಟಾರ್ ಯಾಕೆ ಅಂತ. ಅದಕ್ಕೂ ಮೊದಲು ಸಿ. ಅಶ್ವತ್ಥ್ ಹಾಡಿದಾಗಲೂ ಶುದ್ಧ ಅಶುದ್ಧ ಅಂತ ಮಾತಾಡಿದವರಿದ್ರು. ಶರೀಫರು ತೀರಿಕೊಂಡದ್ದು 1889ರಲ್ಲಿ. ಪಾಪ, ಅವರನ್ನು ಕೇಳುವ ಹಾಗೂ ಇಲ್ಲ.

ಹಳೇ ಕ್ಯಾಸೆಟ್
ಅಶ್ವತ್ಥರ ಗಂಟಲಿನಲ್ಲಿ ಕೇಳಿದ ಮೇಲೆ ಬೇರೆಯವರದ್ದು ನನಗೆ ಸಪ್ಪೆ. ಇದು ಪ್ರಾಯದ ದೋಷ ಇರ್ಬಹುದು.

ಬಿಜೈ ಬಾಸ್‌ಲೈನ್
ಕಾರ್‌ಸ್ಟ್ರೀಟ್, ಕನ್ನಡ ಬ್ಯಾಂಡ್‌ಗಳಿಗೆ ಬೇರೆ ಎಳೆ ಶುರು ಮಾಡಿ, ನಾನು ಮೊದಲು ಬರ್ತೇನೆ. ಇಲ್ಲಿ ಡ್ರಮ್ಸ್ ವಿಷಯ ಮುಗೀಲಿಲ್ಲ.

ಉರ್ವ ಹುಲಿ
ಡ್ರಮ್ಸ್ ವಿಷಯ ಅಂತ ಕೇಳಿ ಬಂದೆ. ಟೇಮ್ ಇಂಪಾಲ ನಾನು ಕೇಳುವುದು ಜಿಮ್ಮಲ್ಲಿ ಮಾತ್ರ. ಆದ್ರೆ ದಸರಾಕ್ಕೆ ಹುಲಿವೇಷ ಹಾಕುವವರ ಜೊತೆ ವರ್ಷಾ ವರ್ಷಾ ತಿರುಗುವವ, ಹಾಗಾಗಿ ಅದಕ್ಕೆ ಕೋಲಲ್ಲಿ ಬಾರಿಸುವ ಚರ್ಮವಾದ್ಯ ತಾಸೆಯ ಬಗ್ಗೆ ಹೇಳ್ಬಹುದು.

ತಾಸೆ ಬಾರಿಸುವವರು ಕುಣಿಯುವವನ ಕಾಲು ನೋಡಿಯೇ ಬಾರಿಸುವುದು. ಹುಲಿ ಬಗ್ಗಿ ಅಕ್ಕಿ ಮುಡಿ (ಹುಲ್ಲಲ್ಲಿ ಕಟ್ಟಿದ ಮೂಟೆ) ಎತ್ತಲಿಕ್ಕೆ ಹೊರಟಿತು ಅಂತಿಟ್ಟುಕೊಳ್ಳಿ. ಅಕ್ಕಿ ಮುಡಿಯ ಭಾರ ಉಂಟು, ಹಲ್ಲಲ್ಲಿ ಕಚ್ಚಿ ಹಿಂದಕ್ಕೆ ಎಸೀಬೇಕು. ಅವ ಕಚ್ಚುವ ತನಕ ತಾಸೆ ಒಂದೇ ಕಡೆ ಸಣ್ಣಗೆ ಗುರುಗುಟ್ಟುತ್ತಾ ನಿಲ್ತದೆ. ಕೋಲು ಚರ್ಮದಿಂದ ಏಳುವುದೇ ಇಲ್ಲವೇನೋ ಅನ್ನುವಷ್ಟು ಹತ್ತಿರ ಆಡ್ತಾ ಇರ್ತದೆ. ಮುಡಿ ನೆಲ ಬಿಟ್ಟಿತು ಅಂದ ಕೂಡಲೇ ಬಿಡ್ತಾರೆ ನೋಡಿ, ಡೋಲೂ ಸೇರಿ. ಎದುರು ನಿಂತವನ ಎದೆ ಒಳಗೆ ಅಲ್ಲಾಡ್ತದೆ. ಒಬ್ಬೊಬ್ಬ ಹುಲಿಗೆ ಒಂದೊಂದು ಹೊತ್ತು. ಒಬ್ಬ ಬೇಗ ಎತ್ತುತ್ತಾನೆ, ಒಬ್ಬ ಎರಡು ಸಲ ಬಿಟ್ಟು ಮೂರನೇ ಸಲಕ್ಕೆ. ತಾಸೆಯವರು ಕಾಯ್ತಾರೆ.

ಈಗ ಕೆಲವು ಕಾಲೇಜು ಕಾರ್ಯಕ್ರಮಗಳಲ್ಲಿ ತಾಸೆ ಪೆಟ್ಟಿನ ರೆಕಾರ್ಡ್ ಹಾಕಿ ಕುಣಿಸ್ತಾರೆ. ಪೆಟ್ಟು ಅದೇ, ಸ್ಪೀಡ್ ಅದೇ. ಆದ್ರೆ ರೆಕಾರ್ಡ್ ಯಾರಿಗೂ ಕಾಯುವುದಿಲ್ಲ, ಅದರ ಹಿಂದೆ ಕುಣಿಯುವವನೇ ಓಡ್ಬೇಕು. ಎಂಡ್ ಪಾಯಿಂಟ್‌ನವರು ಹೇಳಿದ್ದು ಇದ್ನೇ ಅಂತ ನಂಗೆ ಅರ್ಥ ಆದದ್ದು.

ಎಂಡ್ ಪಾಯಿಂಟ್ ಮಣಿಪಾಲ
ಇದ್ನೇ ಮಾರಾಯ್ರೆ. ನಾಲ್ಕು ಪ್ಯಾರಾ ಬರೆದು ನಾನು ಹೇಳ್ಲಿಕ್ಕಾಗದ್ದನ್ನು ನೀವು ಹೇಳಿದ್ರಿ.

ಮದುವೆ ಕೀಬೋರ್ಡ್
ಉರ್ವ ಹುಲಿಯವರು ಹೇಳಿದ್ದು ಸರಿ, ಆದ್ರೆ ಒಳ್ಳೆ ಡಿಜೆಯೂ ಕಾಯ್ತಾನೆ. ಎದುರಿಗಿರುವ ಜನ ನೋಡಿಯೇ ಅವ ಕಿಕ್ ತೆಗೆಯುವುದು, ಬಿಡುವುದು. ತೊಂದರೆ ಟೆಕ್ನೊದ್ದಲ್ಲ. ಎದುರು ಜನವೇ ಇಲ್ಲದೆ ಒಬ್ಬನೇ ಕೋಣೆಯಲ್ಲಿ ಕೂತು ಟೆಕ್ನೊ ಮಾಡಿದ್ರೆ ಯಾರನ್ನು ನೋಡಿ ಕಾಯುವುದು? ‘ಎಥೀರಿಯಲ್ ಕನೆಕ್ಷನ್’ ಇಳಿಯದೆ ನಿಂತದ್ದು ಅದಕ್ಕೇ ಅಂತ ಈಗ ಅನ್ನಿಸ್ತಾ ಉಂಟು. ಒಂಟಿಯಾಗಿ ರಾಕ್ ಹಾಡು ಕಟ್ಟಬಹುದು, ಅದರಲ್ಲಿ ಅವನನ್ನು ಮೀರಿಸುವವರಿಲ್ಲ. ರಾತ್ರಿಯಿಡೀ ಕುಣಿಸುವ ಪೆಟ್ಟು ಒಂಟಿ ಕೆಲಸ ಅಲ್ಲ.

ಬೆಂಗ್ಳೂರಲ್ಲಿರುವ ಸುರತ್ಕಲ್
ಬೇಡ ಅನ್ಲಿಕ್ಕೆ ಜನ ಇಲ್ಲ ಅಂತ ನಾನು ಹೇಳಿದ್ದೆ. ಸಾಕು ಅನ್ಲಿಕ್ಕೂ ಇಲ್ಲ.

ತೊಕ್ಕೊಟ್ಟು ತರಂಗ
ನೀವೆಲ್ಲ ಬರೀ ಪೆಟ್ಟು ಕೇಳಿದ್ದೀರಿ, ಮಾತು ಯಾರೂ ಕೇಳ್ಲಿಲ್ಲ. ಆಲ್ಬಂನ ಮುಖಪುಟದಲ್ಲಿ ಇರುವುದು ಅವನೂ ಅವನ ಪುಟ್ಟ ಮಗಳೂ. ಹಾಡಿನ ಹೆಸರುಗಳನ್ನೇ ನೋಡಿ: ‘ಲೂಸರ್’, ‘ಆಬ್ಸಲೀಟ್’, ‘ಆಫ್ಟರ್‌ಥಾಟ್’, ‘ನಾಟ್ ಮೈ ವರ್ಲ್ಡ್’. ಲೋಕಕ್ಕೆಲ್ಲ ಹೆಸರುವಾಸಿ, ಮನೆಯಲ್ಲಿ ಮಾತ್ರ ತಾನು ಯಾವುದಕ್ಕೂ ಉಪಯೋಗವಿಲ್ಲದ ಜನ ಅಂತ ಅನ್ನಿಸುವ ಒಬ್ಬ ಅಪ್ಪ. ಅಂಥವನ ಹಾಡಿಗೆ ಹಿಂದಿನ ಆ ಅಲಂಕಾರ ಹೊಂದ್ತಿತ್ತಾ? ಮೊದಲ ಹಾಡು ಶುರುವಾಗುವುದೇ ಮನೆಯಲ್ಲಿ ಸುಮ್ಮನೆ ಗುನುಗಿದ ಹಾಗಿರುವ ಒರಟು ಪಿಯಾನೊದಿಂದ. ಅದನ್ನು ತಿದ್ದದೆ ಹಾಗೇ ಇಟ್ಟಿದ್ದಾನೆ, ಆಮೇಲೆ ಬೀಟ್ ಬರ್ತದೆ. ಒಳಗಿನ ಸಂಕಟಕ್ಕೂ ಹೊರಗಿನ ಕುಣಿತಕ್ಕೂ ನಡುವೆ ಒಂದು ಗೆರೆ ಎಳೆದ ಹಾಗೆ. ಬರೀ ಸೋಮಾರಿಯಾದವನಿಗೆ ಇಷ್ಟು ಯೋಚನೆ ಬರ್ತದಾ ಚೌಕಿಯಣ್ಣ?

ಕೊಟ್ಟಾರ ಚೌಕಿ
ಮೊದಲ ಹಾಡು ಚೆನ್ನಾಗುಂಟು, ಅದನ್ನು ಒಪ್ತೇನೆ. ಆದ್ರೆ ಯೋಚನೆ ಒಳ್ಳೆದಿದ್ದು ಅಡಿಗೆ ಬೇಯದಿದ್ರೆ? ನಡುವಿನ ಮೂರು ನಾಲ್ಕು ಹಾಡು ಸಾರು ಕುದಿಸಿ ಒಗ್ಗರಣೆ ಹಾಕದೆ ಇಳಿಸಿದ ಹಾಗುಂಟು.

ತೊಕ್ಕೊಟ್ಟು ತರಂಗ
‘ಪೀಸ್ ಆಫ್ ಹೆವನ್’ ಅದರಲ್ಲಿ ಸೇರ್ಸಿದ್ರೆ ಜಗಳ ಆಗ್ತದೆ.

ಕೊಟ್ಟಾರ ಚೌಕಿ
ಅದನ್ನು ಬಿಟ್ಟು.

ಎಕ್ಸ್‌ಪ್ರೆಸ್ ಹಿಂದಿನ ಸೀಟು
ಲೈವ್ ವಿಡಿಯೊ ಯಾರಾದ್ರೂ ನೋಡಿದ್ದೀರಾ? ನಿಮ್ಮ ಅರ್ಧ ಜಗಳ ಅಲ್ಲಿ ಮುಗೀತದೆ. ಸ್ಟೇಜಲ್ಲಿ ಡ್ರಮ್ಸ್‌ಗೆ ಕೂರುವುದು ಜೂಲಿಯಾನ್ ಬಾರ್ಬಗಾಲೊ, ಲೋನರಿಸಂ ಕಾಲದಿಂದಲೂ ಅವನೇ. ಆಲ್ಬಂನಲ್ಲಿ ಮೆಷಿನ್ ಬಾರಿಸಿದ್ದನ್ನು ಅವ ಬಾರಿಸುವಾಗ ಹಾಡೇ ಬೇರೆ ಆಗ್ತದೆ.

ಎಂಡ್ ಪಾಯಿಂಟ್ ಮಣಿಪಾಲ
ಅಂದ್ರೆ ಸ್ಟುಡಿಯೋದಿಂದ ಹೊರಗೆ ಬಂದಾಗ ಬ್ಯಾಂಡ್ ಆಗ್ತದೆ. ಹಾಗಾದ್ರೆ ಅವರನ್ನೆಲ್ಲ ಒಳಗೆ ಕೂರಿಸಿ ಒಂದು ಆಲ್ಬಂ ಮಾಡ್ಲಿ. ಹದಿನೈದು ವರ್ಷ ಒಬ್ಬನೇ ಮಾಡಿ ಆಯ್ತಲ್ಲ, ಅವನ ಸೌಂಡ್ ಇನ್ನು ಬೆಳೀಬೇಕಾದ್ದು ಆ ಕಡೆಗೆ.

ಪುಳಿಮುಂಚಿ
ಐದು ವರ್ಷ ಕಾಯಿರಿ.

ಬಿಜೈ ಬಾಸ್‌ಲೈನ್
ಕಾಯುವುದು ಅಭ್ಯಾಸ ಆಗಿದೆ. ಚೌಕಿ, ಈಗ ಹೇಳು, ಗಿಟಾರ್ ಮುಖ್ಯವಾ ಡ್ರಮ್ಸಾ?

ಕೊಟ್ಟಾರ ಚೌಕಿ
ಡ್ರಮ್ಸ್ ಅಂತಲೇ ಇಟ್ಟುಕೊಳ್ಳಿ. ನಂಗೆ ಗಿಟಾರ್ ಬೇಕು.